ಉಲ್ಟಾ ಮುಳ್ಳು

ನಮ್ಮ ಗಾಡಿಯ ಡೀಸೆಲ್ ಮುಳ್ಳು ‘ಇ’ ಕಡೆ ಇದ್ದರೆ ಟ್ಯಾಂಕು ತುಂಬಿದೆ ಎಂದರ್ಥ, ‘ಎಫ್’ ಕಡೆ ಇದ್ದರೆ ಖಾಲಿ. ಬೇರೆಯವರ ಗಾಡಿಗಳಲ್ಲಿ ಇದು ತಿರುವುಮುರುವು ಎಂದು ನನಗೆ ಗೊತ್ತು. ಆದರೆ ನಾನು ಓಡಿಸುವುದು ಇದೊಂದೇ ಗಾಡಿ. ನನ್ನ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು.

ಏಳು ಜನ ಕೂರುವ ಹಳೆಯ ಡೀಸೆಲ್ ಗಾಡಿ ಅದು. ಮಹದೇವಪುರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದಾಗ ನನ್ನ ಗಂಡ ಪ್ರೇಮ್‌ಕುಮಾರ್ ಕೊಂಡದ್ದು. ಅವರಿಗೆ ಲಕ್ವ ಹೊಡೆದ ಮೇಲೆ ನಾನು ಓಡಿಸುವುದನ್ನು ಕಲಿತೆ. ಕಲಿತ ಸ್ವಲ್ಪ ದಿನಕ್ಕೇ ಡೀಸೆಲ್ ಮುಳ್ಳು ಸತ್ತು ಮಲಗಿತು. ಕೆ.ಆರ್. ಪುರದ ಸೇತುವೆಯ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ಬಸು ಮೊದಲು ಫ್ಯೂಸು ನೋಡಿದ. ಅದು ಸರಿಯಾಗಿತ್ತು. ಆಮೇಲೆ ಹಿಂದಿನ ಸೀಟು ಎತ್ತಿ, ಟ್ಯಾಂಕಿನಿಂದ ಬರುವ ವೈರು ಕಿತ್ತು ಗಾಡಿಯ ಮೈಗೆ ತಾಗಿಸಿದ. ಮುಳ್ಳು ಸರ್ರನೆ ಮೇಲೆದ್ದಿತು. ಹಾಗಾದರೆ ಮೀಟರು ಚೆನ್ನಾಗಿದೆ, ವೈರೂ ಚೆನ್ನಾಗಿದೆ, ತೊಂದರೆ ಟ್ಯಾಂಕಿನೊಳಗೆ ತೇಲುವ ಬುರುಡೆಗೆ ಸೇರಿದ ಭಾಗದಲ್ಲಿ ಎಂದು ತೀರ್ಮಾನವಾಯಿತು. ಆ ಭಾಗ ಈಗ ಹೊಸದಾಗಿ ಸಿಗುವುದಿಲ್ಲ. ಬಸು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅಲೆದು ಒಂದನ್ನು ತಂದ. ತೂತಿಗೆ ಸರಿಯಾಗಿ ಕೂತಿತು, ಆದರೆ ಅದು ಬೇರೆ ಮಾದರಿಯ ಗಾಡಿಯದು. ಟ್ಯಾಂಕು ತುಂಬಿದರೆ ಮುಳ್ಳು ಇಳಿಯಿತು, ಖಾಲಿಯಾಗುತ್ತ ಹೋದರೆ ಏರಿತು.

“ಅಕ್ಕಾರ, ಕೆಲಸ ಅಂತೂ ಮಾಡತೈತ್ರಿ. ನೀವು ಸ್ವಲ್ಪ ಉಲ್ಟಾ ಓದ್ಕೋಬೇಕಷ್ಟ,” ಎಂದ ಬಸು.

ನಾನು ಮೀಟರಿನ ಗಾಜಿಗೆ ಎರಡು ಬಿಂದಿ ಅಂಟಿಸಿದೆ. ‘ಇ’ ಹತ್ತಿರ ಹಸಿರು, ‘ಎಫ್’ ಹತ್ತಿರ ಕೆಂಪು. ಮುಳ್ಳು ಕೆಂಪು ಬಿಂದಿಯ ಕಡೆ ವಾಲಿದರೆ ಬಂಕಿಗೆ ಹೋಗಬೇಕು, ಅಷ್ಟೇ. ಡೀಸೆಲ್ ಕಡಿಮೆಯಾದಾಗ ಹತ್ತಬೇಕಾದ ದೀಪ ಎಂದೋ ಹೋಗಿತ್ತು. ಆದರೂ ಒಂದು ದಿನವೂ ನಾವು ದಾರಿಯಲ್ಲಿ ನಿಂತಿರಲಿಲ್ಲ.

ಲಕ್ವ ನನ್ನ ಗಂಡನ ಬಲಗೈಯನ್ನೂ ಮಾತನ್ನೂ ತೆಗೆದುಕೊಂಡಿತ್ತು. ಉಳಿದದ್ದು ಒಂದೇ ಪದ, ‘ಆಯ್ತು’. ಕಾಫಿ ಬೇಕಾ ಎಂದರೆ ಆಯ್ತು. ಬೆನ್ನು ನೋಯುತ್ತಿದೆಯಾ ಎಂದರೂ ಆಯ್ತು. ನೋಯುತ್ತಿಲ್ಲ ಎನ್ನುವುದಕ್ಕೂ ಅದೇ. ನಿಜವಾದ ಉತ್ತರ ಅವರ ಎಡಗೈಯಲ್ಲಿರುತ್ತಿತ್ತು, ಹುಬ್ಬಿನಲ್ಲಿರುತ್ತಿತ್ತು. ಅದನ್ನು ಓದಿ ಹೇಳುವವಳು ನಾನು. ಡಾಕ್ಟರಿಗೆ, ಬಾಣಸವಾಡಿಯಲ್ಲಿ ವ್ಯಾಯಾಮ ಮಾಡಿಸುವವರಿಗೆ, ನೋಡಲು ಬಂದ ನೆಂಟರಿಗೆ, ಎಲ್ಲರಿಗೂ ‘ಅವರು ಹೀಗಂತಿದ್ದಾರೆ’ ಎಂದು ಶುರುಮಾಡುವುದು ನನ್ನ ದಿನದ ಮಾತಾಗಿತ್ತು.

ಆ ‘ಆಯ್ತು’ವೇ ನಮ್ಮನ್ನು ಕೋರ್ಟಿಗೆ ತಂದದ್ದು. ಗರುಡಾಚಾರ್‌ಪಾಳ್ಯದಲ್ಲಿ, ನನ್ನ ಮಾವನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಉಳಿದಿರುವ ದೊಡ್ಡ ಜಾಗ ನನ್ನ ಗಂಡ ಮತ್ತು ಅವರ ಅಣ್ಣ ಮುನಿಆಂಜನಪ್ಪನವರ ಹೆಸರಿನಲ್ಲಿದೆ. ಭಾವನಿಗೆ ಅದನ್ನು ಬಿಲ್ಡರಿಗೆ ಕೊಡುವ ಆಸೆ. ಒಂದು ಸಂಜೆ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು, ತಮ್ಮನ ಮುಂದೆ ಕೂತು, ಎಲ್ಲವನ್ನೂ ನಾನೇ ನೋಡಿಕೊಳ್ಳಲಾ ಎಂದು ಕೇಳಿದರು. ತಮ್ಮ ‘ಆಯ್ತು’ ಎಂದರು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಹಿರಿಯರು ತಲೆಯಾಡಿಸಿಬಿಟ್ಟಿದ್ದರು. ಮುಂದೆ ಭಾವ ಕೋರ್ಟಿಗೆ ಅರ್ಜಿ ಹಾಕಿದರು. ತಮ್ಮನಿಗೆ ಏನೂ ಅರ್ಥವಾಗುವುದಿಲ್ಲ, ಅವನ ಪಾಲಿನ ಆಸ್ತಿಗೆ ತನ್ನನ್ನು ಪಾಲಕನನ್ನಾಗಿ ಮಾಡಬೇಕು ಎಂದು. ತಮ್ಮ ಒಪ್ಪಿದ್ದಾನೆ ಎಂದೂ, ಒಪ್ಪುವಷ್ಟು ತಿಳಿವಳಿಕೆ ಅವನಿಗಿಲ್ಲ ಎಂದೂ ಒಂದೇ ಅರ್ಜಿಯಲ್ಲಿ ಬರೆಸಿದ್ದರು.

ಭಾವ ಕೆಟ್ಟವರೆಂದು ನಾನು ಹೇಳಲಾರೆ. ಲಕ್ವ ಹೊಡೆದ ದಿನ ತಮ್ಮನನ್ನು ಎರಡು ಕೈಯಲ್ಲಿ ಎತ್ತಿ ಗಾಡಿಗೆ ಹಾಕಿದವರು ಅವರೇ. ಆದರೆ ಆ ದಿನವೇ ತಮ್ಮ ಹೊರಟುಹೋದ ಎಂದು ಅವರು ನಂಬಿಬಿಟ್ಟಿದ್ದರು. ಆಮೇಲೆ ಬಂದಾಗಲೆಲ್ಲ ಕುಶಲವನ್ನು ನನ್ನ ಹತ್ತಿರ ಕೇಳುತ್ತಿದ್ದರು, ತಮ್ಮನ ಮುಖ ನೋಡುತ್ತಿರಲಿಲ್ಲ.

ಜಡ್ಜು ನನ್ನ ಗಂಡನನ್ನು ಖುದ್ದಾಗಿ ನೋಡಬೇಕೆಂದಿದ್ದರು. ಹಿಂದಿನ ಸಲ ಇವರಿಗೆ ಜ್ವರ, ಹೋಗಲಾಗಲಿಲ್ಲ. ಈ ಸೋಮವಾರವೂ ಬರದಿದ್ದರೆ, ಸದ್ಯಕ್ಕೆ ಆಸ್ತಿಯ ಉಸ್ತುವಾರಿ ಅಣ್ಣನಿಗೆ ಎಂದು ಆದೇಶವಾಗುವುದನ್ನು ತಡೆಯುವುದು ಕಷ್ಟ ಎಂದು ನಮ್ಮ ವಕೀಲೆ ಯಮುನಾ ಶನಿವಾರ ತಮ್ಮ ಇಂದಿರಾನಗರದ ಆಫೀಸಿನಲ್ಲಿ ಕೂರಿಸಿಕೊಂಡು ಹೇಳಿದರು. ಒಮ್ಮೆ ಹಾಗಾದರೆ, ಅರ್ಥವಾಗದವನು ಎಂಬ ಹಣೆಪಟ್ಟಿ ಅಂಟಿಕೊಳ್ಳುತ್ತದೆ, ಕೀಳುವುದು ಸುಲಭವಲ್ಲ ಎಂದೂ ಹೇಳಿದರು.

ಆ ಶನಿವಾರ ನಾನು ಮನೆಗೆ ಬಂದಾಗ ಗಾಡಿ ಗೇಟಿನ ಹತ್ತಿರವೇ ನಿಂತಿತ್ತು. ಬ್ರೇಕು ನೋಡಲು ಬಂದಿದ್ದ ಬಸು ಕೆಲಸ ಮುಗಿಸಿ ಹೋಗಿದ್ದ. ಹೊಸ್ತಿಲ ಮುಂದೆ ರಂಗೋಲಿ ಪುಡಿ ಚೆಲ್ಲಿತ್ತು. ಒಂದು ದಪ್ಪ ಗೆರೆ, ಅದಕ್ಕೆ ತಾಗಿದ ಒಂದು ಕಡ್ಡಿ, ಗೆರೆಯ ಎರಡೂ ತುದಿಗೆ ಒಂದೊಂದು ಗುಡ್ಡೆ. ನನ್ನ ಗಂಡನ ಎಡಗೈ ಬೆರಳೆಲ್ಲ ಬೆಳ್ಳಗಾಗಿತ್ತು. ಡಬ್ಬಿ ಕೈಗೆ ಸಿಕ್ಕಿ ಆಡಿದ್ದಾರೆ ಎಂದುಕೊಂಡು ಗುಡಿಸಿಹಾಕಿದೆ. ಅವರು ಬಾಗಿಲ ಚೌಕಟ್ಟಿಗೆ ಕೈ ಬಡಿದು ‘ಆಯ್ತು, ಆಯ್ತು’ ಎಂದು ಕೂಗಿದರು. ಬಚ್ಚಲಿಗೆ ಹೋಗಬೇಕೇನೋ ಎಂದು ಕರೆದುಕೊಂಡು ಹೋದೆ. ಅಲ್ಲಿ ಸುಮ್ಮನೆ ಗೋಡೆ ನೋಡುತ್ತ ನಿಂತರು.

ಭಾನುವಾರ ಸಂಜೆ, ಮರುದಿನಕ್ಕೆ ಅಭ್ಯಾಸವಾಗಲಿ ಎಂದು ಅವರನ್ನು ಗಾಡಿಯಲ್ಲಿ ಕೂರಿಸಿದೆ. ನೀರಿನ ಬಾಟಲಿ ತರಲು ಒಳಗೆ ಹೋಗಿ ಬಂದರೆ, ಮೀಟರಿನ ಗಾಜಿನ ಮೇಲಿದ್ದ ಬಿಂದಿಗಳನ್ನು ಉಗುರಿನಿಂದ ಕಿತ್ತುಬಿಟ್ಟಿದ್ದರು. ನಾನು ಪೊಟ್ಟಣದಿಂದ ಹೊಸದು ತೆಗೆದು ಅಂಟಿಸಿದೆ. ಅವರು ಮತ್ತೆ ಕಿತ್ತರು. ಮತ್ತೆ ಅಂಟಿಸಿದೆ, ಕೈಯನ್ನು ಹಿಡಿದು ಅವರ ತೊಡೆಯ ಮೇಲಿಟ್ಟೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಜಡ್ಜಿನ ಮುಂದೆ ಹೀಗೆ ಏನನ್ನಾದರೂ ಕೀಳುತ್ತ ಕೂತರೆ? ಭಾವ ಬರೆಸಿದ್ದು ನಿಜವಾಗುತ್ತಿದೆಯೇ, ನಾನೊಬ್ಬಳೇ ನೋಡದೆ ಕೂತಿದ್ದೇನೆಯೇ?

ಸೋಮವಾರ ಬೆಳಿಗ್ಗೆ ಗಾಡಿ ಶುರುಮಾಡಿದಾಗ ಮುಳ್ಳು ಹಸಿರು ಬಿಂದಿಗೆ ತಾಗಿಕೊಂಡಿತ್ತು. ಬಸು ಗಾಡಿಗೆ ಕೈ ಹಚ್ಚಿದಾಗಲೆಲ್ಲ ಡೀಸೆಲ್ ಹಾಕಿಸಿ ತಂದು ನಿಲ್ಲಿಸುವುದು ರೂಢಿ. ಸದ್ಯ, ಅದೊಂದು ಚಿಂತೆ ಇಲ್ಲ ಎಂದುಕೊಂಡೆ.

ಮೆಟ್ರೋದಲ್ಲಿ ಹೋಗಬಹುದಿತ್ತು. ಆದರೆ ಗುಂಪಿನಲ್ಲಿ ಅವರ ಬಲಗಾಲು ಸೋಲುತ್ತದೆ, ಮುಖ ಬೆವರುತ್ತದೆ. ಗಾಡಿಯ ಮುಂದಿನ ಸೀಟಿನಲ್ಲಿ ಮಾತ್ರ ಅವರು ಮೊದಲಿನಂತೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಹಾಗೆಯೇ ಕೋರ್ಟಿಗೆ ಮುಟ್ಟಿಸಬೇಕು ಎಂದಿತ್ತು ನನಗೆ. ಅಂದು ಅವರು ಹಾಗೆ ಕೂರಲಿಲ್ಲ. ಮಹದೇವಪುರ ದಾಟುವ ಮೊದಲೇ ನನ್ನ ಕಡೆಗೆ ವಾಲಿ, ಎಡಗೈ ಚಾಚಿ ಮೀಟರಿನ ಗಾಜನ್ನು ತಟ್ಟತೊಡಗಿದರು. ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ಉರುಳುತ್ತಿದ್ದವು. ನಾನು ಒಂದು ಕೈಯಲ್ಲಿ ಸ್ಟಿಯರಿಂಗು ಹಿಡಿದು ಇನ್ನೊಂದು ಕೈಯಲ್ಲಿ ಅವರ ಕೈಯನ್ನು ಸರಿಸುತ್ತಿದ್ದೆ. ಅವರು ಮತ್ತೆ ತಟ್ಟುತ್ತಿದ್ದರು. ಬೇಡ ರೀ, ಇವತ್ತೊಂದು ದಿನ ಬೇಡ ಎಂದು ಬೇಡಿಕೊಂಡೆ.

ಬೆನ್ನಿಗಾನಹಳ್ಳಿ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ, ಬೈಯಪ್ಪನಹಳ್ಳಿ ಇನ್ನೂ ಮುಂದಿರುವಾಗ ಎಂಜಿನ್ನು ಕೆಮ್ಮಿತು. ಗಾಡಿ ಎರಡು ಸಲ ಜಗ್ಗಿ ನಿಂತೇಹೋಯಿತು. ಹಿಂದೆ ಹಾರನ್ನುಗಳು. ಬೈಕಿನ ಇಬ್ಬರು ಇಳಿದು ಗಾಡಿಯನ್ನು ಅಂಚಿಗೆ ತಳ್ಳಿಕೊಟ್ಟು ಹೋದರು. ಕೀಲಿ ತಿರುಗಿಸಿದೆ. ಸ್ಟಾರ್ಟರು ಸುತ್ತುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ಮುಳ್ಳು ಹಸಿರಿನ ಆಚೆಗೇ ಹೋಗಿತ್ತು. ಟ್ಯಾಂಕು ತುಂಬಿದೆ, ಹಾಗಾದರೆ ಇದು ದೊಡ್ಡದೇ ಏನೋ ಕೆಟ್ಟಿದೆ ಎಂದುಕೊಂಡೆ.

ಅಷ್ಟರಲ್ಲಿ ಯಮುನಾ ಅವರ ಫೋನು.

“ಒಂದ್ಸಲ ಹೆಸ್ರು ಕೂಗಿದ್ರು. ಇನ್ನೊಂದ್ಸಲ ಕೂಗೋ ಹಾಗೆ ಕೇಳ್ಕೊಂಡಿದೀನಿ. ಅಷ್ಟ್ರೊಳಗೆ ಅವ್ರು ಇಲ್ಲಿರ್ಬೇಕು ಸುಕನ್ಯ ಅವ್ರೇ. ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ.”

ಆಟೋ ಒಂದಕ್ಕೆ ಕೈ ಅಡ್ಡ ಹಾಕಿದೆ. ಅದರ ಚಾಲಕ ವಯಸ್ಸಾದವನು, ಇಳಿದು ಬಂದು ಸಾರ್‌ನ ನಾನೂ ಒಂದು ಕಡೆ ಹಿಡಿದುಕೊಳ್ಳುತ್ತೇನೆ ಎಂದ. ನಾನು ಬಾಗಿಲು ತೆಗೆದೆ. ನನ್ನ ಗಂಡ ಇಳಿಯಲಿಲ್ಲ. ಎಡಗೈಯಿಂದ ಸೀಟಿನ ಬೆಲ್ಟನ್ನು ಸುತ್ತಿ ಹಿಡಿದುಕೊಂಡರು. ನಾನು ಬೆರಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಬೆರಳು ಮತ್ತೆ ಹಿಡಿಯುತ್ತಿತ್ತು. ಲಾರಿಯೊಂದು ಮೈಗೆ ತಾಗುವಂತೆ ಹೋಯಿತು. ನಾನು ಕಿರುಚಿದೆ.

“ನಿಮಗೆ ಏನೂ ಅರ್ಥ ಆಗಲ್ವಾ?”

ಆಟೋದವನು ಮುಖ ತಿರುಗಿಸಿದ. ಬರುವ ಹಾಗಿದ್ದರೆ ಬನ್ನಿ ಮೇಡಂ, ಇಲ್ಲಿ ನಿಲ್ಲಿಸೋಕೆ ಆಗಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿ, ಸ್ವಲ್ಪ ಕಾದು, ಹೊರಟುಹೋದ.

ಅರ್ಜಿಯಲ್ಲಿ ಇದ್ದದ್ದೂ ಅದೇ ಮಾತು. ಭಾವ ಅದನ್ನು ವಕೀಲರ ಕೈಲಿ ಬರೆಸಿದ್ದರು, ನಾನು ನಡುರಸ್ತೆಯಲ್ಲಿ ಕೂಗಿದ್ದೆ. ನನ್ನ ಗಂಡ ಬೆಲ್ಟು ಬಿಟ್ಟರು. ಅಂದು ಮೊದಲ ಸಲ ‘ಆಯ್ತು’ ಎನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತರು.

ಬಸುವಿಗೆ ಫೋನು ಮಾಡಿದೆ. ಗಾಡಿಗೆ ಏನು ಮಾಡಿದ್ದೀರಿ ಎಂದು ಜೋರಾಗಿಯೇ ಕೇಳಿದೆ. ಮುಳ್ಳು ಎಲ್ಲಿದೆ ಎಂದ. ‘ಇ’ಗಿಂತ ಕೆಳಗೆ, ಟ್ಯಾಂಕು ಪೂರ್ತಿ ತುಂಬಿದೆ ಎಂದೆ.

“ಅಕ್ಕಾರ, ಅದನ್ನ ಶನಿವಾರ ಸರಿ ಮಾಡೇವಲ್ರಿ. ಈಗ ಮುಳ್ಳು ಸೀದಾ ಐತಿ. ಅಣ್ಣಾರು ಹೇಳಿಲ್ಲೇನ್ರಿ?”

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದ. ಬ್ರೇಕು ಮುಗಿಸಿ ಹೊರಟವನನ್ನು ನನ್ನ ಗಂಡ ಅಂಗಿ ಹಿಡಿದು ನಿಲ್ಲಿಸಿದರಂತೆ. ಮೀಟರು ತೋರಿಸಿದರು, ಹಿಂದಿನ ಸೀಟು ತೋರಿಸಿದರು. ಅವನು ತಲೆ ಕೆರೆದುಕೊಂಡು ನಿಂತಾಗ ರಂಗೋಲಿ ಪುಡಿಯಿಂದ ಹೊಸ್ತಿಲ ಮುಂದೆ ಬರೆದರು. ಟ್ಯಾಂಕಿನೊಳಗಿನ ಭಾಗದಲ್ಲಿ ಒಂದು ಪಟ್ಟಿ ಇರುತ್ತದೆ, ಬುರುಡೆಯ ಕಡ್ಡಿ ಅದರ ಮೇಲೆ ಜಾರುತ್ತದೆ. ವೈರು ಪಟ್ಟಿಯ ಈ ತುದಿಗಿದೆ, ಆ ತುದಿಗೆ ಹಾಕು ಎಂದು ಗುಡ್ಡೆಯಿಂದ ಗುಡ್ಡೆಗೆ ಬೆರಳು ಎಳೆದು ತೋರಿಸಿದರು. ಬಿಚ್ಚಿ ಹಾಗೇ ಮಾಡಿದ, ಮುಳ್ಳು ನೆಟ್ಟಗಾಯಿತು. ಟ್ಯಾಂಕಿನ ತಳದ ಡೀಸೆಲು ಕೊಳೆಯಾಗಿತ್ತು, ಅದನ್ನು ತೆಗೆದು ಸ್ವಲ್ಪ ಹೊಸದು ಹಾಕಿದ್ದ. ಬಂಕಿಗೆ ಹೋಗಲು ಹೊತ್ತಿರಲಿಲ್ಲ, ಮುಳ್ಳು ನೋಡಿ ಅಕ್ಕಾರೇ ತುಂಬಿಸಿಕೊಳ್ಳುತ್ತಾರೆ ಎಂದು ಬಿಟ್ಟಿದ್ದ.

ನಾನು ಫೋನು ಹಿಡಿದುಕೊಂಡೇ ಗಂಡನ ಕಡೆ ನೋಡಿದೆ. ಅವರು ಕೈ ಚಾಚಿ, ಗಾಜಿನ ಮೇಲಿನ ಹಸಿರು ಬಿಂದಿಯನ್ನು ಉಗುರಿನಿಂದ ಎತ್ತಿ ನನ್ನ ಮುಂಗೈಗೆ ಅಂಟಿಸಿದರು.

ಟಿನ್ ಫ್ಯಾಕ್ಟರಿಯ ಈಚೆಗೇ ಇದ್ದೇನೆ, ಕ್ಯಾನಿನಲ್ಲಿ ಡೀಸೆಲ್ ತರುತ್ತೇನೆ ಎಂದು ಬಸು ಹೇಳಿದ್ದ. ಅವನ ಬೈಕು ಆ ದಟ್ಟಣೆಯಿಂದ ಯಾವಾಗ ಹೊರಬರುತ್ತದೋ. ಅಷ್ಟರಲ್ಲಿ ಇನ್ನೊಂದು ಖಾಲಿ ಆಟೋ ತಾನಾಗಿಯೇ ನಿಧಾನಿಸಿತು. ಹತ್ತಬೇಕೆಂದು ನನ್ನ ಇಡೀ ದೇಹ ಹೇಳುತ್ತಿತ್ತು. ಆದರೆ ಗಂಡನನ್ನು ಕೇಳಿದೆ. ಒಂದು ಕೈಯಲ್ಲಿ ಆಟೋ, ಒಂದು ಕೈಯಲ್ಲಿ ನಮ್ಮ ಗಾಡಿಯ ಬಾನೆಟ್ಟು ತೋರಿಸಿ, ಯಾವುದು ರೀ ಎಂದೆ. ಅವರು ಬಾನೆಟ್ಟಿನ ಕಡೆ ಬೆರಳು ಮಾಡಿದರು. ಕೈಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿದೆ. ಬೆರಳು ಮತ್ತೆ ಬಾನೆಟ್ಟಿಗೇ ಹೋಯಿತು. ನಾನು ಆಟೋದವನಿಗೆ ಬೇಡ ಎಂದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆ. ಕೋರ್ಟಿನಲ್ಲಿ ಅವರ ಹೆಸರು ಕೂಗುತ್ತಿದ್ದಾರೆ, ಯಾರೂ ಎದ್ದು ನಿಲ್ಲುತ್ತಿಲ್ಲ ಎನ್ನುವುದೇ ಕಣ್ಣಮುಂದೆ ಬರುತ್ತಿತ್ತು.

ಬಸು ಬೆವರಿಕೊಂಡು ಬಂದ. ಡೀಸೆಲ್ ಸುರಿದು ಕೀಲಿ ತಿರುಗಿಸಿದ. ಎಂಜಿನ್ನು ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ. ಬ್ಯಾಟರಿಯ ಸದ್ದು ಇಳಿಯತೊಡಗಿತು. ಆ ಆಟೋವನ್ನು ನಾನೇ ಕಳಿಸಿದ್ದೆ. ನಾನು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತೆ.

ನನ್ನ ಗಂಡ ಮುಂದಿನ ಗಾಜನ್ನು ಬಡಿದರು. ಬಸು ತಲೆಯೆತ್ತಿ ನೋಡಿದ. ಅವರು ಎಡಗೈ ಮುಷ್ಟಿಯನ್ನು ಹಿಂಡಿ ಬಿಟ್ಟು, ಹಿಂಡಿ ಬಿಟ್ಟು ತೋರಿಸಿದರು.

“ಹೌದ ಬಿಡ್ರಿ, ಗಾಳಿ ಹಿಡದೈತಿ,” ಎಂದು ಬಸು ಬಾನೆಟ್ಟಿನೊಳಗೆ ಬಗ್ಗಿದ. ಪೂರ್ತಿ ಬತ್ತಿದ ಡೀಸೆಲ್ ಗಾಡಿಯಲ್ಲಿ ಪೈಪುಗಳೊಳಗೆ ಗಾಳಿ ತುಂಬಿಕೊಳ್ಳುತ್ತದೆ, ಕೈಪಂಪಿನಿಂದ ಅದನ್ನು ಹೊರಗೆ ನೂಕಬೇಕು ಎಂದು ಅವಸರದಲ್ಲೇ ಹೇಳಿದ. ಪಂಪು ಗಟ್ಟಿಯಾಗುವವರೆಗೆ ಒತ್ತಿದ. ಈ ಸಲ ಎಂಜಿನ್ನು ಹೊಗೆಯುಗುಳಿ ಎದ್ದಿತು.

ನಮ್ಮ ಜೊತೆ ಕೋರ್ಟಿಗೆ ಬನ್ನಿ ಎಂದೆ ಅವನಿಗೆ.

“ಕೋರ್ಟಿಗಾ? ನಾ ಏನ್ ತಪ್ಪ ಮಾಡೀನ್ರಿ?” ಎಂದು ಗಾಬರಿಯಾದ. ಆದರೂ ಬೈಕಿಗೆ ಬೀಗ ಹಾಕಿ ಹಿಂದಿನ ಸೀಟಿನಲ್ಲಿ ಕೂತ.

ಹಲಸೂರು ದಾಟಿ ಮೇಯೋಹಾಲಿನ ಕೋರ್ಟು ಮುಟ್ಟಿ, ನಾನೂ ಬಸುವೂ ಎರಡೂ ಕಡೆ ಹಿಡಿದುಕೊಂಡು ಒಳಗೆ ಹೋದಾಗ ಎರಡನೆಯ ಸಲ ಹೆಸರು ಕೂಗಿಯಾಗಿತ್ತು. ಯಮುನಾ ಜಡ್ಜಿನ ಮುಂದೆ ನಿಂತು ಏನೋ ಬಿನ್ನವಿಸಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಅವರ ದನಿ ಬದಲಾಯಿತು. ಜಡ್ಜು ಕನ್ನಡಕದ ಮೇಲಿಂದ ನೋಡುವ, ಮೆತ್ತಗೆ ಮಾತಾಡುವ ಹೆಂಗಸು. ನನ್ನ ಗಂಡನನ್ನು ಹತ್ತಿರದ ಕುರ್ಚಿಯಲ್ಲಿ ಕೂರಿಸಲು ಹೇಳಿದರು. ಹೆಸರು ಕೇಳಿದರು. ಅವರು ‘ಆಯ್ತು’ ಎಂದರು. ನಿಮ್ಮ ಆಸ್ತಿಯನ್ನು ನಿಮ್ಮ ಅಣ್ಣ ನೋಡಿಕೊಳ್ಳಲಿ ಎನ್ನುತ್ತೀರಾ ಎಂದು ಕೇಳಿದರು.

“ಆಯ್ತು.”

ಭಾವನ ವಕೀಲರು ಅರ್ಧ ಎದ್ದರು. ನಾನು ಪೂರ್ತಿ ಎದ್ದು ನಿಂತೆ. ‘ಅವರು ಹೀಗಂತಿದ್ದಾರೆ’ ಎಂಬ ಮಾತು ತುಟಿಗೆ ಬಂದಿತ್ತು. ಅದನ್ನು ಹೇಳಲಾಗಲಿಲ್ಲ.

“ಮೇಡಂ, ಯಾರು ಏನೇ ಕೇಳಿದ್ರೂ ಅವರ ಬಾಯಲ್ಲಿ ಬರೋದು ಅದೊಂದೇ ಮಾತು. ಅದನ್ನ ಒಪ್ಪಿಗೆ ಅಂದ್ಕೋಬೇಡಿ,” ಎಂದೆ. ಯಮುನಾ ಸಾಕು ಎಂಬಂತೆ ಕಣ್ಣು ಮಾಡಿದರು. ನಾನು ನಿಲ್ಲಿಸಲಿಲ್ಲ. “ಅವರ ಅರ್ಥ ಏನು ಅಂತ ನನ್ನನ್ನೂ ಕೇಳ್ಬೇಡಿ. ಎರಡು ದಿನದಿಂದ ಅವರು ಹೇಳ್ತಾನೇ ಇದ್ರು, ನಾನು ತಪ್ಪಾಗಿ ತಿಳ್ಕೊಂಡೆ. ಅದಕ್ಕೇ ಇವತ್ತು ತಡ ಆಗಿದ್ದು.”

ಹೆಂಡತಿಗೇ ಅರ್ಥವಾಗದ ಮೇಲೆ ಇನ್ನು ಯಾರಿಗೆ ಆಗುತ್ತದೆ ಮೇಡಂ ಎಂದರು ಭಾವನ ವಕೀಲರು. ಯಾರೋ ಸಣ್ಣಗೆ ನಕ್ಕರು. ಯಮುನಾ ಅವರ ಮುಖ ಕಪ್ಪಿಟ್ಟಿತು. ನಮ್ಮ ಕಡೆಯ ಒಂದೇ ಆಧಾರವನ್ನು ನನ್ನ ಕೈಯಾರೆ ಮುರಿದುಹಾಕಿದೆ ಎಂದು ನನಗೂ ಅನ್ನಿಸಿತು.

ಜಡ್ಜು ಮಾತ್ರ, ಹಾಗಾದರೆ ಯಾರಿಗೆ ಅರ್ಥವಾಯಿತು ಎಂದು ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದ ಬಸುವಿನ ಕಡೆ ತಿರುಗಿದೆ. ಅವನು ಡೀಸೆಲ್ ವಾಸನೆಯ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಜಡ್ಜು ಅವನನ್ನು ಮುಂದೆ ಕರೆದರು. ಅವನು ಮೀಟರಿನದು, ರಂಗೋಲಿ ಪುಡಿಯದು ಎಲ್ಲವನ್ನೂ ಹೇಳಿದ. ಆಮೇಲೆ ಹೆಂಡತಿಯೂ ಅಣ್ಣನೂ ಹೊರಗೆ ಇರಲಿ ಎಂದರು.

ಹೊರಗಿನ ಉದ್ದನೆಯ ಬೆಂಚಿನ ಒಂದು ತುದಿಗೆ ಭಾವ, ಇನ್ನೊಂದು ತುದಿಗೆ ನಾನು. ಬಾಗಿಲು ಅರ್ಧ ತೆರೆದಿತ್ತು. ನನ್ನ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಎಡಗೈ ಒಮ್ಮೆ ಮೇಲೆದ್ದಿತು, ಇಳಿಯಿತು. ಏನು ಹೇಳುತ್ತಿದ್ದಾರೋ ಗೊತ್ತಾಗಲಿಲ್ಲ. ಓಡಿ ಹೋಗಿ ಪಕ್ಕದಲ್ಲಿ ನಿಲ್ಲಬೇಕೆಂದು ಕಾಲು ಎಳೆಯುತ್ತಿತ್ತು.

ಭಾವ ನೆಲ ನೋಡುತ್ತಿದ್ದರು. ಹಾಗೇ ಕೇಳಿದರು:

“ಗಾಡಿ ಮೀಟ್ರು ಅವ್ನೇ ಮಾಡ್ಸಿದ್ನಾ?”

“ಹೂಂ ಭಾವ.”

“ನಂಗ್ಯಾಕಮ್ಮ ಹೇಳ್ಲಿಲ್ಲ?”

“ನಂಗೇ ಗೊತ್ತಿರ್ಲಿಲ್ಲ.”

ಅವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

ಯಮುನಾ ಹೊರಬಂದಾಗ ಅವರ ಮುಖದಿಂದ ಏನನ್ನೂ ತಿಳಿಯಲಾಗಲಿಲ್ಲ. ಜಡ್ಜು ಕಾಗದದ ಮೇಲೆ ಎರಡು ಮನೆ ಬರೆದು, ಒಂದು ಅಣ್ಣನ ಪಾಲು, ಇನ್ನೊಂದು ನಿಮ್ಮ ಪಾಲು ಎಂದು ತೋರಿಸಿ, ಕೆಳಗೆ ಇಬ್ಬರ ಹೆಸರನ್ನೂ ಬರೆದು ಇವರ ಮುಂದಿಟ್ಟರಂತೆ. ಯಾವ ಪಾಲನ್ನು ಯಾರು ನೋಡಿಕೊಳ್ಳಬೇಕೋ ಅವರ ಹೆಸರಿನಿಂದ ಆ ಮನೆಗೆ ಗೆರೆ ಎಳೆಯಿರಿ ಎಂದರಂತೆ. ಇವರು ತಮ್ಮ ಹೆಸರಿನಿಂದ ತಮ್ಮ ಮನೆಗೆ ಗೆರೆ ಎಳೆದರು. ಅಣ್ಣನ ಹೆಸರಿನಿಂದ ಅಣ್ಣನ ಮನೆಗೆ ಎಳೆದರು. ಹಾಳೆ ತಿರುಗಿಸಿ, ಹೆಸರು ಅದಲುಬದಲು ಮಾಡಿ ಕೊಟ್ಟಾಗಲೂ ಹಾಗೇ ಎಳೆದರು. ಮಾತಿನ ತಜ್ಞರು ಪರೀಕ್ಷೆ ಮಾಡಿ ವರದಿ ಕೊಡಲಿ, ಅಲ್ಲಿಯವರೆಗೆ ಯಾರಿಗೂ ಯಾವ ಅಧಿಕಾರವೂ ಇಲ್ಲ ಎಂದು ಆದೇಶವಾಗಿತ್ತು.

“ಅವರ ಪರವಾಗಿ ಯಾರೂ ಉತ್ತರ ಕೊಡ್ಬಾರ್ದು ಅಂತಾನೂ ಬರ್ಸಿದಾರೆ,” ಎಂದರು ಯಮುನಾ. “ನೀವೂ ಸೇರಿ.”

ಮುಂದಿನ ಸಲ ವರದಿ ಹೇಗೆ ಬರುತ್ತದೋ ಯಾರಿಗೆ ಗೊತ್ತು.

ಬಸುವಿನ ತೋಳು ಹಿಡಿದು ನನ್ನ ಗಂಡ ನಿಧಾನವಾಗಿ ಹೊರಬಂದರು. ನನ್ನನ್ನು ಕಂಡು ಎಡಗೈ ಎತ್ತಿ ಏನನ್ನೋ ತೋರಿಸಿದರು. ನೀರು, ಬಚ್ಚಲು, ಮನೆ, ಮೂರೂ ಒಟ್ಟಿಗೆ ನನ್ನ ಬಾಯಿಗೆ ಬಂದವು. ಯಾವುದನ್ನೂ ಹೇಳದೆ ಕಾದೆ. ಅವರು ಬಸುವಿನ ಕೈ ಬಿಟ್ಟು ನನ್ನ ಭುಜ ಹಿಡಿದುಕೊಂಡರು. ಮೆಟ್ಟಿಲ ಕಡೆಗಲ್ಲ, ಬೆಂಚಿನ ಕಡೆಗೆ ನೂಕಿದರು. ನಾನು ಅವರು ನೂಕಿದ ಕಡೆ ನಡೆದೆ. ಭಾವ ತಲೆಯೆತ್ತಿ ತಮ್ಮನ ಮುಖ ನೋಡಿದರು. ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಸರಿದರು. ನನ್ನ ಗಂಡ ಅವರ ಪಕ್ಕದಲ್ಲಿ ಕೂತರು.